ಸ್ವರಲಿಪಿ ಇಲ್ಲದ ವಾಗ್ಗೇಯಕಾರರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಭಜನಾ ಮಂಡಳಿಗಳ ಸದಸ್ಯರಿಗೂ ಮನೆಮನೆಯಲ್ಲಿ ಹಾಡುವ ತಾಯಂದಿರಿಗೂ ಬರೆದ ಬಹಿರಂಗ ಪತ್ರ



ಹಾಡಿನ ಸಾಹಿತ್ಯವನ್ನೂ ಅದರ ಸಂಗೀತವನ್ನೂ ಒಬ್ಬರೇ ರಚಿಸಿದರೆ ಅಂಥವರನ್ನು ಭಾರತೀಯ ಸಂಗೀತಶಾಸ್ತ್ರವು ವಾಗ್ಗೇಯಕಾರರೆಂದು ಕರೆಯುತ್ತದೆ. 13ನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಈ ಮಾತನ್ನು ಬಿಡಿಸಿ, ಹಾಡಿನ ಶಬ್ದಭಾಗಕ್ಕೆ ‘ಮಾತು’ ಎಂದೂ ಸ್ವರಭಾಗಕ್ಕೆ ‘ಧಾತು’ ಎಂದೂ ಹೆಸರಿಟ್ಟು, ಎರಡನ್ನೂ ಬಲ್ಲವನೇ ಉತ್ತಮ ವಾಗ್ಗೇಯಕಾರನೆಂದು ಹೇಳುತ್ತಾನೆ. ತಮ್ಮ ಮಂಡಳಿಗಳು ಶ್ರಾವಣದ ರಾತ್ರಿಗಳಲ್ಲಿ ಗುಡಿಯ ಕಟ್ಟೆಯ ಮೇಲೂ ಮಠದ ಅಂಗಳದಲ್ಲೂ ಕೂತು ಹಾಡುವ ಪದಗಳಲ್ಲಿ ಬಹುಪಾಲು ಇಂಥ ವಾಗ್ಗೇಯಕಾರರ ಕೃತಿಗಳೇ ಆಗಿದ್ದು, ಅವುಗಳ ಮಾತು ಅಚ್ಚಾದ ಪುಸ್ತಕಗಳಲ್ಲಿ ಉಳಿದುಕೊಂಡಿದೆಯಾದರೂ ಧಾತು ಮಾತ್ರ ತಮ್ಮ ಕಂಠಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಸ್ಥಿತಿಗೆ ಬಂದು ನಿಂತಿದೆ. ಈ ಪತ್ರವನ್ನು ವಿದ್ವಾಂಸರಿಗೆ ಬರೆಯದೆ ತಮಗೇ ಬರೆದಿರುವುದಕ್ಕೆ ಕಾರಣ ಅದೇ.

ಯುರೋಪಿನ ಸಂಗೀತಚರಿತ್ರೆಯಲ್ಲಿ ಸುಮಾರು 1600ರಿಂದ 1750ರವರೆಗಿನ ಕಾಲವನ್ನು ಬರೋಕ್ ಯುಗವೆಂದೂ, ಅಲ್ಲಿಂದ ಮುಂದೆ 1820ರ ಸುಮಾರಿನವರೆಗಿನ ಕಾಲವನ್ನು ಕ್ಲಾಸಿಕಲ್ ಯುಗವೆಂದೂ ಕರೆಯುವುದು ರೂಢಿ. ಮೊದಲನೆಯದಕ್ಕೆ ಬಾಖ್, ಹ್ಯಾಂಡೆಲ್, ವಿವಾಲ್ಡಿ ಪ್ರಸಿದ್ಧ ಹೆಸರುಗಳಾದರೆ ಎರಡನೆಯದಕ್ಕೆ ಹೈಡನ್ ಮತ್ತು ಮೊಟ್ಸಾರ್ಟ್. ಇದೇ ಎರಡು ಶತಮಾನಗಳಲ್ಲಿ ತುಂಗಭದ್ರೆಗೂ ಕೃಷ್ಣೆಗೂ ನಡುವಿನ ಒಣನೆಲದಲ್ಲಿ ಮತ್ತು ಅದರ ಅಂಚಿನ ಸೀಮೆಗಳಲ್ಲಿ ಕನ್ನಡದ ಹರಿದಾಸ ಪರಂಪರೆಯ ಎರಡನೆಯ ದೊಡ್ಡ ಅಲೆ ಎದ್ದಿತು. ವಿಜಯದಾಸರು ರಾಯಚೂರು ಸೀಮೆಯ ಚೀಕಲಪರ್ವಿಯಲ್ಲಿ ಹುಟ್ಟಿದ್ದು 1682ರಲ್ಲಿ, ಬಾಖ್ ಹುಟ್ಟಿದ್ದು 1685ರಲ್ಲಿ. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು ತೀರಿಕೊಂಡದ್ದೂ ವಿಯೆನ್ನಾದಲ್ಲಿ ಹೈಡನ್ ತೀರಿಕೊಂಡದ್ದೂ 1809ರಲ್ಲೇ. ಈ ಹೊಂದಿಕೆಗೆ ಕಾಲಗಣನೆಯನ್ನು ಮೀರಿದ ಅರ್ಥವೇನೂ ಇಲ್ಲ, ಆ ಸಂಗೀತಗಾರರಿಗೆ ಈ ದಾಸರ ಸುಳಿವಿರಲಿಲ್ಲ, ಈ ದಾಸರಿಗೆ ಅವರ ಸುಳಿವಿರಲಿಲ್ಲ. ಆದರೂ ಒಂದೇ ಕಾಲದ ಎರಡು ಸಂಗೀತಲೋಕಗಳಲ್ಲಿ ಒಂದರ ಮರೆತ ಹೆಸರುಗಳು ಮತ್ತೆ ಬೆಳಕಿಗೆ ಬರುತ್ತಿರುವಾಗ ಇನ್ನೊಂದರ ಹೆಸರುಗಳು ಏಕೆ ಮಸುಕಾಗುತ್ತಿವೆ ಎಂಬ ಪ್ರಶ್ನೆಗೆ ಈ ಹೋಲಿಕೆ ದಾರಿ ಮಾಡಿಕೊಡುತ್ತದೆ.

ವಿಜಯದಾಸರು ನೆಲೆ ನಿಂತು 1755ರಲ್ಲಿ ದೇಹಬಿಟ್ಟ ಚಿಪ್ಪಗಿರಿಯು ಹಳೆಯ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಊರಾಗಿದ್ದು, 1953ರ ಗಡಿ ಬದಲಾವಣೆಯ ನಂತರ ಆಂಧ್ರದ ಪಾಲಾಯಿತು. ಅವರ ಶಿಷ್ಯರಾದ ಮೊಸರಕಲ್ಲಿನ ಗೋಪಾಲದಾಸರು, ಗೋಪಾಲದಾಸರ ಅನುಗ್ರಹ ಪಡೆದ ಮಾನವಿಯ ಜಗನ್ನಾಥದಾಸರು, ಬಾಗಲಕೋಟೆಯ ಪ್ರಸನ್ನವೆಂಕಟದಾಸರು, ಅವರಿಗಿಂತ ಹಿಂದಿನ ಕಾಖಂಡಕಿಯ ಮಹಿಪತಿದಾಸರು, ಇವರೆಲ್ಲರ ಹಾಡುಗಳೂ ಈ ಐದು ತಾಲ್ಲೂಕುಗಳ ಮನೆಗಳಿಗೆ ಜಾತ್ರೆಯ ದಾರಿಯಿಂದಲೋ ಮದುವೆಯ ನಂಟಿನಿಂದಲೋ ಬಂದು ಸೇರಿದವು. ಪುರಂದರದಾಸರ ಮತ್ತು ಕನಕದಾಸರ ಹೆಸರನ್ನು ಶಾಲೆಯ ಮಗುವೂ ಹೇಳುತ್ತದೆ, ಆದರೆ ಇವರಲ್ಲಿ ಹೆಚ್ಚಿನವರ ಹೆಸರು ದಾಸಸಾಹಿತ್ಯದ ಓದುಗರ ವಲಯವನ್ನು ದಾಟಿ ಹೊರಗೆ ಬರಲೇ ಇಲ್ಲ.

ಇವರು ಕೈಹಾಕಿದ ರಚನೆಗಳಲ್ಲಿ ಅತ್ಯಂತ ಕಠಿಣವಾದದ್ದು ಸುಳಾದಿ. ಕೀರ್ತನೆಗೆ ಪಲ್ಲವಿಯೂ ಅದರ ಹಿಂದೆ ಬರುವ ನುಡಿಗಳೂ ಇದ್ದು ಇಡೀ ಹಾಡು ಒಂದೇ ತಾಳದಲ್ಲಿ ನಡೆದರೆ, ಉಗಾಭೋಗಕ್ಕೆ ತಾಳವೇ ಇಲ್ಲ. ಸುಳಾದಿಯಾದರೋ ಒಂದೊಂದು ನುಡಿಗೆ ಒಂದೊಂದು ತಾಳವನ್ನು ಹಿಡಿದು ಸಾಗುತ್ತದೆ. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಿಗೆ ಇಂದು ರೂಢಿಯಲ್ಲಿರುವ ಲೆಕ್ಕದಂತೆ ಕ್ರಮವಾಗಿ 14, 10, 6, 10, 7, 14 ಮತ್ತು 4 ಅಕ್ಷರಕಾಲಗಳು ಬರುತ್ತವೆ, ಕೊನೆಯಲ್ಲಿ ಇಡೀ ವಸ್ತುವನ್ನು ಒಂದೆರಡು ಸಾಲಿನಲ್ಲಿ ಮುಡಿಗಟ್ಟುವ ‘ಜತೆ’ ಎಂಬ ಭಾಗ ಇರುತ್ತದೆ. ನಡೆ ಬದಲಾದಂತೆ ವಿಚಾರವೂ ಮಗ್ಗುಲು ಬದಲಿಸಬೇಕೆಂಬುದೇ ಈ ರಚನೆಯ ಮರ್ಮ. ಬಾಖ್‌ನ ಕಾಲದ ಯುರೋಪಿನಲ್ಲೂ ಬೇರೆ ಬೇರೆ ಲಯದ ನೃತ್ಯಗತಿಗಳನ್ನು ಒಂದು ಕ್ರಮದಲ್ಲಿ ಪೋಣಿಸಿ ಕಟ್ಟುತ್ತಿದ್ದ ‘ಸ್ವೀಟ್’ ಎಂಬ ವಾದ್ಯರಚನೆ ಬಹಳ ಬಳಕೆಯಲ್ಲಿತ್ತು, ಹೀಗಾಗಿ ಒಂದೇ ಕಾಲದಲ್ಲಿ ಎರಡು ಕಡೆಯ ಸಂಗೀತಗಾರರು ಲಯದ ಬದಲಾವಣೆಯನ್ನೇ ರಚನೆಯ ಬೆನ್ನೆಲುಬಾಗಿ ಮಾಡಿಕೊಂಡಿದ್ದರೆಂಬುದು ಗಮನಿಸತಕ್ಕ ಸಂಗತಿ. ಆ ಸ್ವೀಟ್‌ಗಳ ಪ್ರತಿಯೊಂದು ಸ್ವರವೂ ಕಾಗದದ ಮೇಲಿದೆ. ವಿಜಯದಾಸರ ಸುಳಾದಿಗಳ ತಲೆಯ ಮೇಲೆ ತಾಳದ ಹೆಸರುಂಟು, ಕೆಲವು ಕಡೆ ರಾಗದ ಹೆಸರೂ ಉಂಟು, ಸ್ವರ ಮಾತ್ರ ಇಲ್ಲ. ಪುರಂದರದಾಸರ ಹೆಸರಿನ ಕೆಲವು ಸುಳಾದಿಗಳನ್ನು 1904ರಲ್ಲಿ ಸುಬ್ಬರಾಮ ದೀಕ್ಷಿತರು ಎಟ್ಟಯಪುರದಲ್ಲಿ ಅಚ್ಚು ಹಾಕಿಸಿದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಸ್ವರಸಹಿತ ಕೊಟ್ಟಿದ್ದಾರೆ. ಕನ್ನಡದ ಸುಳಾದಿಯ ಸ್ವರವನ್ನು ತಮಿಳುನಾಡಿನಲ್ಲಿ ಅಚ್ಚಾದ ತೆಲುಗು ಗ್ರಂಥದಲ್ಲಿ ಹುಡುಕಬೇಕಾಗಿ ಬಂದಿರುವುದನ್ನು ಕನ್ನಡಿಗರು ನೋವಿನಿಂದಲೇ ನೆನೆಯಬೇಕು.

ಈ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಪಾಲನ್ನು ಬೇರೆಯಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ತಮ್ಮ ಸೀಮೆಯ ಪಾಲು ಹೆಚ್ಚಾಗಿರುವುದು ಅಲ್ಲಿಯೇ. 18ನೆಯ ಶತಮಾನದಲ್ಲಿ, ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿನ ಮನೆಗೆ ಸೊಸೆಯಾಗಿ ಬಂದ ಗಿರಿಯಮ್ಮನವರು ‘ಹೆಳವನಕಟ್ಟೆ ರಂಗ’ ಎಂಬ ಅಂಕಿತದಲ್ಲಿ ಕೀರ್ತನೆಗಳನ್ನೂ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಳಿಕನ ಕಥೆ ಮೊದಲಾದ ದೀರ್ಘ ಕಥನಗೀತೆಗಳನ್ನೂ ರಚಿಸಿದರು. ಗಲಗಲಿಯ ಅವ್ವನವರು ರಚಿಸಿದ ಮುಯ್ಯದ ಹಾಡು, ಅಂದರೆ ಬೀಗರು ಬೀಗರಿಗೆ ಕೊಡುವ ಉಡುಗೊರೆಯ ನೆಪದಲ್ಲಿ ಪಾಂಡವರ ಮನೆಯ ಹೆಂಗಸರೂ ಕೃಷ್ಣನ ಮಡದಿಯರೂ ಮಾತಿಗೆ ಮಾತು ಕೊಡುವ ಹಾಡು, ಮದುವೆಮನೆಯ ಸಂಭ್ರಮಕ್ಕೆ ಪುರಾಣದ ಪಾತ್ರಗಳನ್ನು ಕರೆತಂದು ಕೂರಿಸಿತು. ಈ ಕೃತಿಗಳು ಓದುವುದಕ್ಕೆಂದು ಹುಟ್ಟಿದವಲ್ಲ. ಹಸೆಗೆ ಕರೆಯುವಾಗ ಒಂದು, ಉರುಟಣೆಗೆ ಒಂದು, ಆರತಿಗೆ ಒಂದು, ವ್ರತದ ದಿನ ಕಥೆ ಹೇಳುವಾಗ ಇನ್ನೊಂದು, ಹೀಗೆ ಸಂದರ್ಭಕ್ಕೆ ತಕ್ಕ ಮಟ್ಟು ಅವುಗಳಿಗೆ ಇರುತ್ತಿತ್ತು. ಮಟ್ಟು ಅಥವಾ ಧಾಟಿ ಎಂದರೆ ಹಾಡನ್ನು ಹೊತ್ತು ನಡೆಯುವ ಸ್ವರದ ಅಚ್ಚು. ಅದು ಪಂಡಿತರು ಹೇಳುವ ರಾಗದಷ್ಟು ವಿಸ್ತಾರವಾಗಿರದೆ, ನಾಲ್ಕೈದು ಸ್ವರಗಳ ಒಳಗೇ ಸುತ್ತಿದರೂ ನೂರು ನುಡಿಗಳನ್ನು ದಣಿಯದೆ ಹೊರಬಲ್ಲ ಗಟ್ಟಿತನ ಉಳ್ಳದ್ದಾಗಿರುತ್ತದೆ.

ಇವರ ದಾರಿಯಲ್ಲೇ ಮುಂದೆ ಬಂದವರು ಹರಪನಹಳ್ಳಿಯ ಭೀಮವ್ವನವರು. ಅವರ ಕಾಲ 1823ರಿಂದ 1903. ಹಾಗಾಗಿ ಯುರೋಪಿನ ಲೆಕ್ಕದಲ್ಲಿ ಅವರು ಕ್ಲಾಸಿಕಲ್ ಯುಗ ಮುಗಿದ ಮೇಲಿನವರು. ಆದರೆ ಅವರು ಬಳಸಿದ ರಚನೆಗಳೂ ಅವರ ಹಾಡುಗಳನ್ನು ಹೊತ್ತ ಮಟ್ಟುಗಳೂ ಹಿಂದಿನ ಎರಡು ಶತಮಾನಗಳಲ್ಲಿ ಹದಗೊಂಡವೇ ಆದ್ದರಿಂದ ಅವರನ್ನು ಆ ಪರಂಪರೆಯ ಕೊನೆಯ ದೊಡ್ಡ ವಾಗ್ಗೇಯಕಾರ್ತಿಯೆಂದು ಕರೆಯುವುದು ನ್ಯಾಯ. ನಾರಾಯಣದೇವರಕೆರೆಯಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಹರಪನಹಳ್ಳಿಯ ಮನೆ ಸೇರಿದ ಅವರಿಗೆ ಕನಸಿನಲ್ಲಿ ಉಪದೇಶವಾಯಿತೆಂಬುದು ದಾಸಪರಂಪರೆಯ ನಂಬಿಕೆ. ಗಂಡು ದಾಸರಿಗೆ ಗುರುವೊಬ್ಬರು ಎದುರು ಕೂರಿಸಿ ಅಂಕಿತ ಕೊಡುವ ಪದ್ಧತಿ ಇದ್ದ ಕಾಲದಲ್ಲಿ ಹೆಣ್ಣುಮಗಳೊಬ್ಬಳಿಗೆ ಕನಸೇ ಗುರುಪೀಠವಾಗಬೇಕಾಗಿ ಬಂದಿತೆಂಬ ಅಂಶವು ಆ ಕಾಲದ ಹೆಣ್ಣಿನ ಸ್ಥಿತಿಯನ್ನೂ ಆಕೆಯ ಛಲವನ್ನೂ ಒಟ್ಟಿಗೇ ತೋರಿಸುತ್ತದೆ. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಅವರು ಕೀರ್ತನೆ, ಆರತಿಹಾಡು, ಸಂಪ್ರದಾಯದ ಹಾಡುಗಳ ಜೊತೆಗೆ ನಳಚರಿತ್ರೆಯಂಥ ಕಥನಗೀತೆಗಳನ್ನೂ ಕಟ್ಟಿದರು. ಹಿಟ್ಟು ಬೀಸುವ, ಹಸೆ ಬರೆಯುವ, ಬಾಣಂತಿಯನ್ನು ಉಪಚರಿಸುವ ಹೆಂಗಸಿನ ದಿನದ ಕೆಲಸಕ್ಕೆ ಒಗ್ಗುವಂತೆ ಹಾಡನ್ನು ಕಟ್ಟುವುದು ಸುಲಭವೆಂದು ತಿಳಿದವರುಂಟು, ವಿಮರ್ಶಕರಲ್ಲಿಯೂ ಉಂಟು. ಕೇಳಿದ ಕೂಡಲೇ ಬಾಯಿಗೆ ಬರುವಂತೆಯೂ ಐವತ್ತು ವರ್ಷ ಹಾಡಿದರೂ ಹಳಸದಂತೆಯೂ ಒಂದು ಸಾಲನ್ನು ಕಟ್ಟುವುದು ಸುಳಾದಿ ಕಟ್ಟುವುದಕ್ಕಿಂತ ಕಡಿಮೆಯ ವಿದ್ಯೆಯೇನಲ್ಲ.

ಅವರ ಹುಟ್ಟೂರಾದ ಹಳೆಯ ನಾರಾಯಣದೇವರಕೆರೆ ಇಂದು ಕಣ್ಣಿಗೆ ಕಾಣುವುದಿಲ್ಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ನೀರಿನಲ್ಲಿ ಅದು ಮುಳುಗಿತು. ಅಲ್ಲಿನ ಜನ ದೇವರುಗಳ ಸಮೇತ ಮರಿಯಮ್ಮನಹಳ್ಳಿಯ ಕಡೆಗೆ ಬಂದು ನೆಲೆಸಿದರು. ಮನೆ, ಬಾವಿ, ಬೀದಿ, ಹೊಲದ ಬದು ಎಲ್ಲವೂ ನೀರಿನಡಿಗೆ ಹೋದವು, ಬಾಯಲ್ಲಿದ್ದ ಹಾಡು ಮಾತ್ರ ಬಂಡಿ ಏರದೆಯೇ ಜನರ ಜೊತೆ ಬಂದಿತು. ಹಾಡಿಗೆ ಇರುವ ಈ ಶಕ್ತಿಯೇ ಅದರ ಅಪಾಯವೂ ಆಗಿದೆ. ಊರು ಮುಳುಗಿದರೂ ಉಳಿದ ಮಟ್ಟು, ಅದನ್ನು ಬಲ್ಲ ಕೊನೆಯ ಅಜ್ಜಿ ಕಣ್ಣು ಮುಚ್ಚಿದ ದಿನ ಯಾರಿಗೂ ತಿಳಿಯದಂತೆ ಮುಗಿದುಹೋಗುತ್ತದೆ.

ತಮ್ಮ ಮಂಡಳಿಗಳ ನೋಟುಬುಕ್ಕುಗಳಲ್ಲಿ ದಾಸರ ಪದಗಳಿಗಿಂತಲೂ ಕೈವಲ್ಯ ಪದಗಳೂ ತತ್ವಪದಗಳೂ ಹೆಚ್ಚಾಗಿರುವುದು ಸಹಜ, ಏಕೆಂದರೆ ಉಜ್ಜಿನಿಯ ಪೀಠ, ಕೊಟ್ಟೂರಿನ ಗುರುಬಸವೇಶ್ವರ, ಮೈಲಾರದ ಮೈಲಾರಲಿಂಗ ಇವು ಈ ಸೀಮೆಯ ಜನರ ಭಕ್ತಿಯ ಗಟ್ಟಿ ನೆಲೆಗಳು. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯಿಂದ ಹೊರಟ ಈ ಹಾಡಿನ ದಾರಿಯು ಮುಳಗುಂದದ ಬಾಲಲೀಲಾ ಮಹಾಂತ ಶಿವಯೋಗಿಗಳ ಕೈವಲ್ಯದರ್ಪಣ ಮತ್ತು 1795ರಿಂದ 1839ರವರೆಗೆ ಬದುಕಿದ್ದ ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿಗಳನ್ನು ಹಾದು, 1819ರಲ್ಲಿ ಹುಟ್ಟಿದ ಶಿಶುನಾಳ ಷರೀಫರವರೆಗೆ ಬರುತ್ತದೆ. ಸರ್ಪಭೂಷಣರು ಬದುಕಿದ್ದ ಕಾಲದಲ್ಲೇ ವಿಯೆನ್ನಾದಲ್ಲಿ ಶೂಬರ್ಟ್ ಎಂಬಾತ 31 ವರ್ಷದ ತನ್ನ ಅಲ್ಪಾಯುಷ್ಯದಲ್ಲಿ 600ಕ್ಕೂ ಹೆಚ್ಚು ಹಾಡುಗಳಿಗೆ ಸಂಗೀತ ಕಟ್ಟಿ ಹೋದ. ಆತನ ಹಾಡುಗಳನ್ನು ಆತ ಬರೆದ ಸ್ವರದಲ್ಲೇ ಇಂದು ಯಾರು ಬೇಕಾದರೂ ಹಾಡಬಹುದು. ಸರ್ಪಭೂಷಣರ ಪದವನ್ನು ಅವರ ಕಾಲದ ಧಾಟಿಯ ಹತ್ತಿರಕ್ಕಾದರೂ ಒಯ್ಯಬಲ್ಲವರು ಏಕತಾರಿ, ದಮ್ಮಡಿಗಳೊಂದಿಗೆ ರಾತ್ರಿಯಿಡೀ ಹಾಡುವ ಮಂಡಳಿಗಳವರೇ ಹೊರತು ಗ್ರಂಥಾಲಯಗಳಲ್ಲ.

ಯುರೋಪಿನಲ್ಲಿ ಮರೆತ ಸಂಗೀತಗಾರರು ಮರಳಿ ಬಂದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1741ರಲ್ಲಿ ತೀರಿಕೊಂಡ ವಿವಾಲ್ಡಿಯನ್ನು ಮುಂದಿನ ಪೀಳಿಗೆಗಳು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದವು. 1926ರಲ್ಲಿ ಇಟಲಿಯ ಉತ್ತರಭಾಗದ ಒಂದು ಧಾರ್ಮಿಕ ವಿದ್ಯಾಸಂಸ್ಥೆಯವರು ತಮ್ಮಲ್ಲಿದ್ದ ಹಳೆಯ ಸಂಗೀತಗ್ರಂಥಗಳನ್ನು ಮಾರುವ ವಿಚಾರದಲ್ಲಿ ಅವುಗಳ ಬೆಲೆ ಕಟ್ಟಿಸಲು ಹೋದಾಗ ಅವುಗಳ ನಡುವೆ ಆತನ ಹಸ್ತಪ್ರತಿಗಳ ಸಂಪುಟಗಳು ಸಿಕ್ಕವು, ಕೆಲವೇ ವರ್ಷಗಳಲ್ಲಿ ಉಳಿದರ್ಧವೂ ದೊರೆತು ಎಲ್ಲವೂ ಟ್ಯೂರಿನ್ ನಗರದ ಗ್ರಂಥಾಲಯವನ್ನು ಸೇರಿತು. ವೆನಿಸ್ಸಿನ ಬಾರ್ಬರಾ ಸ್ಟ್ರೋಟ್ಸಿ (1619–1677) ಎಂಬ ಗಾಯಕಿ ತನ್ನ ರಚನೆಗಳ ಎಂಟು ಸಂಪುಟಗಳನ್ನು ತನ್ನ ಹೆಸರಿನಲ್ಲೇ ಅಚ್ಚು ಹಾಕಿಸಿದ್ದಳು, ಮುನ್ನೂರು ವರ್ಷ ಹೆಚ್ಚು ಜನ ಕೇಳದಿದ್ದ ಆಕೆಯ ಸಂಗೀತ ಇಂದು ಸಭೆಗಳಲ್ಲಿ ಮೊಳಗುತ್ತಿದೆ. ಯುವಕ ಹೈಡನ್ ಬಾಡಿಗೆಗಿದ್ದ ಕಟ್ಟಡದಲ್ಲೇ ಬೆಳೆದು ಅವನಿಂದಲೇ ಪಾಠ ಕಲಿತ ವಿಯೆನ್ನಾದ ಮರಿಯಾನ್ನಾ ಮಾರ್ಟಿನೆಸ್ (1744–1812) ಕೂಡ ಹೀಗೆಯೇ ಮರಳಿ ಬಂದವಳು. ಇವರೆಲ್ಲ ನಿದ್ದೆಯಿಂದ ಎದ್ದಂತೆ ಎದ್ದು ಬರಲು ಸಾಧ್ಯವಾದದ್ದು ಸ್ವರಲಿಪಿಯಿಂದ. ಯಾರೂ ಹಾಡದೆ ಇನ್ನೂರು ವರ್ಷ ಬಿದ್ದಿದ್ದರೂ ಕಾಗದವು ತನ್ನ ಮೇಲಿನ ಧಾತುವನ್ನು ಕಾದುಕೊಂಡಿತ್ತು. ಕನ್ನಡದ ಹಾಡುಗಾರಿಕೆಗೆ ಆ ನಿದ್ದೆಯ ಸೌಲಭ್ಯವಿಲ್ಲ. ಇಲ್ಲಿ ಒಂದು ತಲೆಮಾರು ಹಾಡದಿದ್ದರೆ ಮುಂದಿನ ತಲೆಮಾರಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಮಾತನ್ನು ಉಳಿಸುವ ಕೆಲಸ ಕನ್ನಡದಲ್ಲಿ ನಡೆದಿದೆ, ಶ್ರದ್ಧೆಯಿಂದಲೇ ನಡೆದಿದೆ. 19ನೆಯ ಶತಮಾನದ ನಡುವಿನಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಕಲೆಹಾಕಿ ಅಚ್ಚಿಗೆ ತಂದರು. ಅನಂತರ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ವಿಜಯದಾಸರೇ ಮೊದಲಾದವರ ಕೃತಿಗಳನ್ನು ಹಸ್ತಪ್ರತಿಗಳಿಂದ ಎತ್ತಿ ಪ್ರಕಟಿಸುವುದಕ್ಕೆ ತಮ್ಮ ಬದುಕನ್ನೇ ತೆತ್ತರು. ಆದರೆ ಅಚ್ಚಾದ ಪುಸ್ತಕಗಳಲ್ಲಿ ಪದಗಳ ಮೇಲೆ ಕಾಣುವ ರಾಗದ ಹೆಸರನ್ನು ರಚನಕಾರರದೇ ಎಂದು ನಂಬುವಂತಿಲ್ಲ, ಒಂದೇ ಹಾಡಿಗೆ ಒಂದು ಪುಸ್ತಕ ಒಂದು ರಾಗವನ್ನೂ ಇನ್ನೊಂದು ಪುಸ್ತಕ ಇನ್ನೊಂದನ್ನೂ ಹೇಳುವುದು ಸಾಮಾನ್ಯ. ಕಳೆದ ಶತಮಾನದಲ್ಲಿ ಪಂಡಿತ ಭೀಮಸೇನ ಜೋಶಿಯವರಂಥ ಮಹಾಗಾಯಕರು ದಾಸವಾಣಿಯನ್ನು ಕೋಟ್ಯಂತರ ಕಿವಿಗಳಿಗೆ ಮುಟ್ಟಿಸಿದರು, ಅದು ದೊಡ್ಡ ಉಪಕಾರ. ಆ ಉಪಕಾರದ ಜೊತೆಗೇ ಒಂದು ನಷ್ಟವೂ ಬಂದಿತೆಂದು ಹೇಳದೆ ವಿಧಿಯಿಲ್ಲ. ಕ್ಯಾಸೆಟ್ಟಿನಲ್ಲಿ ಬಂದ ಒಂದು ಧಾಟಿಯೇ ಆ ಹಾಡಿನ ಏಕೈಕ ಧಾಟಿಯೆಂದು ಜನ ತಿಳಿದರು, ಅಜ್ಜಿಯ ಮಟ್ಟು ‘ಹಳೇ ಕಾಲದ್ದು’ ಎನಿಸಿಕೊಂಡು ಅಡುಗೆಮನೆಗೆ ಸರಿಯಿತು, ಅಲ್ಲಿಂದಲೂ ಹೊರಬಿದ್ದಿತು. ಹಾರ್ಮೋನಿಯಂ ಬಂದ ಮೇಲೆ ಮನೆಗಳ ಒಂಟಿದನಿಯಲ್ಲಿ ಸ್ವರಗಳ ನಡುವೆ ಜಾರುತ್ತಿದ್ದ ನಯವು ಪಟ್ಟಿಯ ಮನೆಗಳಿಗೆ ಕಟ್ಟಿಹಾಕಿದಂತಾಯಿತು. ಈಚೆಗೆ ಸಿನಿಮಾ ಹಾಡಿನ ಧಾಟಿಗೆ ದಾಸರ ಪದವನ್ನೂ ತತ್ವಪದವನ್ನೂ ಹೊಂದಿಸುವುದು ಭಜನಾ ಸ್ಪರ್ಧೆಗಳಲ್ಲಿ ಜಾಣತನವೆನಿಸಿಕೊಳ್ಳುತ್ತಿದೆ. ವಾಗ್ಗೇಯಕಾರನ ಕೃತಿಯಿಂದ ಗೇಯವನ್ನು ಕಿತ್ತು ಬೇರೆಯದನ್ನು ತುರುಕಿದರೆ ಉಳಿಯುವುದು ಅರ್ಧ ಕೃತಿ ಮಾತ್ರ.

ಇದರ ಜೊತೆಗೆ ಅಂಕಿತದ ವಿಚಾರವೂ ಇದೆ. ಹಾಡಿನ ಕೊನೆಯ ನುಡಿಯಲ್ಲಿ ರಚನಕಾರರು ತಮ್ಮ ಇಷ್ಟದೈವದ ಹೆಸರನ್ನಿಟ್ಟು ಹಾಕುವ ಮುದ್ರೆಯೇ ಅಂಕಿತ. ವಿಜಯವಿಠಲ ಎಂದರೆ ವಿಜಯದಾಸರು, ಗೋಪಾಲವಿಠಲ ಎಂದರೆ ಗೋಪಾಲದಾಸರು, ಭೀಮೇಶಕೃಷ್ಣ ಎಂದರೆ ಭೀಮವ್ವ, ಶಿಶುನಾಳಧೀಶ ಎಂದರೆ ಷರೀಫರು. ಹೆಸರಿನ ಹಪಾಹಪಿಯನ್ನು ಬಿಟ್ಟ ಈ ಜನ ತಮ್ಮ ಗುರುತನ್ನು ಈ ಒಂದು ಶಬ್ದದಲ್ಲಿ ಮಾತ್ರ ಉಳಿಸಿ ಹೋಗಿದ್ದಾರೆ, ಹಾಗಾಗಿ ಹೊತ್ತಾಯಿತೆಂದು ಕೊನೆಯ ನುಡಿಯನ್ನು ಬಿಟ್ಟು ಮಂಗಳ ಹಾಡುವ ಮಂಡಳಿಯು ತನಗರಿವಿಲ್ಲದೆಯೇ ಕವಿಯ ಸಹಿಯನ್ನು ಅಳಿಸುತ್ತದೆ. ಅಂಕಿತ ಬಿದ್ದುಹೋದ ಹಾಡಿಗೆ ಕಾಲಾಂತರದಲ್ಲಿ ಪ್ರಸಿದ್ಧರ ಹೆಸರು ಅಂಟಿಕೊಳ್ಳುತ್ತದೆ, ದಾಸರದೆಂದರೆ ಪುರಂದರದಾಸರದು, ತತ್ವಪದವೆಂದರೆ ಷರೀಫರದು ಎಂದು ಹೇಳಿಬಿಡುವ ಅಭ್ಯಾಸ ಬೆಳೆದದ್ದು ಹೀಗೆಯೇ. ಈ ಅಭ್ಯಾಸದಲ್ಲಿ ಮೊದಲು ಕಳೆದುಹೋದವರು ಹೆಣ್ಣುಮಕ್ಕಳು.

ಆದ್ದರಿಂದ ತಮ್ಮ ಮಂಡಳಿಗಳಲ್ಲಿ ಕೆಲವು ಕೆಲಸಗಳು ನಡೆಯಬೇಕೆಂದು ಈ ಪತ್ರ ಬೇಡುತ್ತದೆ. ಹರಪನಹಳ್ಳಿ ಪೇಟೆಯಲ್ಲಿರಲಿ, ಹಡಗಲಿಯ ಹೊಳೆದಂಡೆಯ ಹಳ್ಳಿಗಳಲ್ಲಿರಲಿ, ಕೂಡ್ಲಿಗಿಯ ಹಟ್ಟಿಗಳಲ್ಲಿರಲಿ, ಹಳೆಯ ಮಟ್ಟಿನಲ್ಲಿ ಹಾಡಬಲ್ಲ ಹಿರಿಯರು ಇರುವ ಮನೆಯನ್ನು ಗುರುತಿಸಿ, ಅವರ ಒಪ್ಪಿಗೆ ಪಡೆದು, ಮೊಬೈಲಿನಲ್ಲಾದರೂ ಸರಿಯೇ, ಹಾಡನ್ನು ಪಲ್ಲವಿಯಿಂದ ಅಂಕಿತದವರೆಗೆ ಪೂರ್ತಿಯಾಗಿ ದಾಖಲಿಸಬೇಕು. ಆಗ ಹಾರ್ಮೋನಿಯಂ ನುಡಿಸಬಾರದು, ತಾಳವನ್ನೂ ಅವರಾಗಿಯೇ ಹಾಕಿಕೊಂಡರೆ ಮಾತ್ರ ಹಾಕಬೇಕು, ಅವರ ದನಿ ನಡುಗಿದರೂ ನಡುವೆ ಯಾರೂ ಸೇರಿ ಹಾಡಬಾರದು. ಆ ಮಟ್ಟನ್ನು ಅವರು ಯಾರಿಂದ ಕಲಿತರು, ತವರಿನಿಂದ ತಂದರೋ ಅತ್ತೆಮನೆಯಲ್ಲಿ ಕಲಿತರೋ, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನು ಹಾಡಿನ ಜೊತೆಗೇ ಕೇಳಿ ಬರೆದಿಡಬೇಕು. ಒಂದೇ ಹಾಡಿಗೆ ಎರಡು ಊರಿನಲ್ಲಿ ಎರಡು ಮಟ್ಟು ಸಿಕ್ಕರೆ ಯಾವುದು ಸರಿ ಎಂದು ತೀರ್ಪು ಕೊಡಲು ಹೋಗದೆ ಎರಡನ್ನೂ ಇಡಬೇಕು, ಏಕೆಂದರೆ ಇನ್ನೂರು ವರ್ಷದ ಹಿಂದಿನ ಧಾತುವಿನ ಚಹರೆ ಏನಾದರೂ ತಿಳಿಯುವುದಿದ್ದರೆ ಇಂಥ ಮಟ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗಲೇ ತಿಳಿಯುತ್ತದೆ. ದಾಖಲೆಯ ಒಂದು ಪ್ರತಿ ಮಂಡಳಿಯಲ್ಲಿರಲಿ, ಇನ್ನೊಂದು ಪ್ರತಿಯನ್ನು 1991ರಲ್ಲಿ ಸ್ಥಾಪನೆಯಾದ, ತಮ್ಮ ಜಿಲ್ಲೆಯಲ್ಲೇ ಇರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮುಂದೆ ಇಟ್ಟು ಕಾಪಾಡಿ ಎಂದು ಕೇಳುವ ಹಕ್ಕು ತಮಗಿದೆ. ಊರಿನ ಸಂಗೀತ ಶಿಕ್ಷಕರು ಕೈಜೋಡಿಸಿದರೆ ಸರಿಗಮದಲ್ಲಿ ಸ್ವರ ಬರೆದಿಡುವ ಕೆಲಸವೂ ಆದೀತು, ಆದರೆ ಮೊದಲು ದನಿ ಉಳಿಯಬೇಕು, ಲಿಪಿ ಆಮೇಲೆ ಬರಬಹುದು.

ಮುಂದಿನ ಶ್ರಾವಣ ಬರುವ ಹೊತ್ತಿಗೆ ಐದು ತಾಲ್ಲೂಕುಗಳ ಪ್ರತಿಯೊಂದು ಮಂಡಳಿಯೂ ಭೀಮವ್ವನವರ ಒಂದೇ ಒಂದು ಹಾಡನ್ನಾದರೂ ಹಿರಿಯರ ಮಟ್ಟಿನಲ್ಲಿ ಕಲಿತು, ‘ಭೀಮೇಶಕೃಷ್ಣ’ ಎಂಬ ಅಂಕಿತ ಬರುವವರೆಗೂ ಬಿಡದೆ ಹಾಡಬೇಕೆಂದು ವಿನಂತಿ.